ವಾಸನೆಯ ಗಾಳ ಮತ್ತು ಮಳೆ

ಜಮೀನು ತನ್ನದೆಂದು ಹೇಳಲು ಮನುಷ್ಯನಿಗೆ ಪಹಣಿ ಬೇಕು. ಉತ್ತರ ಅಮೆರಿಕದ ಬೀವರ್‌ಗೆ ಒಂದಿಷ್ಟು ವಾಸನೆ ಸಾಕು.

ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ದೊಡ್ಡ ಪ್ರಾಣಿ. ಮರ ಕಡಿದು ಹಳ್ಳಗಳಿಗೆ ಕಟ್ಟೆ ಕಟ್ಟಿಕೊಂಡು ಬಾಳುತ್ತದೆ. ಅದರ ಬಾಲದ ಬುಡದಲ್ಲಿರುವ ಎರಡು ಚೀಲಗಳಲ್ಲಿ ಕ್ಯಾಸ್ಟೋರಿಯಂ ಎಂಬ ಘಾಟು ವಸ್ತು ತುಂಬಿರುತ್ತದೆ. ಪುನುಗು ಬೆಕ್ಕಿಗೆ ಪುನುಗು ಹೇಗೋ, ಬೀವರ್‌ಗೆ ಇದು ಹಾಗೆ. ನೀರಿನ ಅಂಚಿನಲ್ಲಿ ಕೆಸರಿನ ಗುಡ್ಡೆ ಮಾಡಿ, ಅದರ ಮೇಲೆ ಇದನ್ನು ಬಿಟ್ಟು ಬೀವರ್ ತನ್ನ ಸರಹದ್ದು ಗುರುತಿಸುತ್ತದೆ. ಹೊರಗಿನ ಬೀವರ್‌ನ ವಾಸನೆ ಬಂದರೆ ನೋಡಲು ಓಡಿ ಬರುತ್ತದೆ.

ಈ ಗುಣವೇ ಅದಕ್ಕೆ ಮುಳುವಾಯಿತು. ಬೀವರ್ ತುಪ್ಪುಳದ ಟೋಪಿಗಳಿಗೆ ಯೂರೋಪಿನಲ್ಲಿ ಭಾರಿ ಬೇಡಿಕೆ ಇದ್ದ ಕಾಲದಲ್ಲಿ ಬೇಟೆಗಾರರು ಬೋನಿನ ಬಳಿ ಕ್ಯಾಸ್ಟೋರಿಯಂ ಸವರಿ ಕಾಯುತ್ತಿದ್ದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಎಷ್ಟೋ ಕಡೆ ಬೀವರ್ ಕಣ್ಮರೆಯಾಗಿತ್ತು.

ಈ ಗಾಳಕ್ಕೆ ಮಳೆಯೇ ಶತ್ರು. ವಾಷಿಂಗ್ಟನ್ ರಾಜ್ಯದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ. ವಾಸನೆ ಎಂದರೆ ಆವಿಯಾಗಿ ಗಾಳಿಯಲ್ಲಿ ತೇಲಿಬರುವ ಅಣುಗಳು. ಚಳಿಯಲ್ಲಿ ಅವು ನಿಧಾನವಾಗಿ ಹೊರಡುತ್ತವೆ. ಮಳೆ ಬಂದರೆ ಸವರಿದ್ದೇ ಕೊಚ್ಚಿಹೋಗುತ್ತದೆ. ಹಿಮ ಬೀಳುವ ಕಡೆ ಕ್ಯಾಸ್ಟೋರಿಯಂ ಹೆಪ್ಪುಗಟ್ಟದಂತೆ ಗ್ಲಿಸರಿನ್ ಬೆರೆಸುತ್ತಾರೆ. ಆದರೆ ಗ್ಲಿಸರಿನ್ ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ, ಮಳೆಗೆ ನಿಲ್ಲದು. ಆದ್ದರಿಂದ ಮಳೆನಾಡಿನಲ್ಲಿ ನೀರಿನೊಡನೆ ಬೆರೆಯದ ಎಣ್ಣೆ, ಕೊಬ್ಬು ಅಥವಾ ವ್ಯಾಸಲಿನ್ ಉತ್ತಮ. ಅವು ಅಣುಗಳನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತವೆ. ಸವರುವ ಜಾಗವೂ ಮುಖ್ಯ. ಓರೆಯಾಗಿ ಬಿದ್ದ ಮರದ ದಿಮ್ಮಿಯ ಕೆಳಗೆ ಅಥವಾ ಮುಂದಕ್ಕೆ ಚಾಚಿದ ದಂಡೆಯ ಮರೆಯಲ್ಲಿ ಸವರಿದರೆ ವಾಸನೆ ಹೆಚ್ಚು ಕಾಲ ಉಳಿಯುತ್ತದೆ.

ಇಂದು ಅದೇ ಗಾಳ ಬೀವರ್‌ನ ಉಳಿವಿಗೂ ನೆರವಾಗಿದೆ. ಊರಿನ ರಸ್ತೆ, ತೋಟಗಳಿಗೆ ನೀರು ನುಗ್ಗಿಸುವ ಬೀವರ್‌ಗಳನ್ನು ಕೊಲ್ಲುವ ಬದಲು ಜೀವಂತವಾಗಿ ಹಿಡಿದು ಬೆಟ್ಟದ ಹಳ್ಳಗಳಿಗೆ ಬಿಡಲಾಗುತ್ತಿದೆ. ವಾಷಿಂಗ್ಟನ್ ರಾಜ್ಯದ ಟುಲಾಲಿಪ್ ಬುಡಕಟ್ಟಿನವರು 2014ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಅಲ್ಲಿ ಬೀವರ್ ಕಟ್ಟುವ ಕಟ್ಟೆಗಳು ನೀರನ್ನು ತಡೆದು ನಿಲ್ಲಿಸುತ್ತವೆ, ಸಾಲ್ಮನ್ ಮರಿಗಳಿಗೆ ಆಸರೆಯಾಗುತ್ತವೆ. ಈ ಕೆಲಸದಲ್ಲಿ ಎಚ್ಚರ ತಪ್ಪುವಂತಿಲ್ಲ. ರಾತ್ರಿ ಮಳೆಗೆ ಹಳ್ಳ ಏರಿದರೆ ಬೋನಿನೊಳಗಿನ ಪ್ರಾಣಿ ಮುಳುಗಿ ಸಾಯುತ್ತದೆ. ಆದ್ದರಿಂದ ನೀರು ಎಷ್ಟು ಏರಬಹುದೆಂದು ಮೊದಲೇ ಅಂದಾಜು ಮಾಡಿ ಬೋನು ಇಡಬೇಕು, ಬೆಳಗಾಗುತ್ತಲೇ ಹೋಗಿ ನೋಡಬೇಕು. ಸಾಧ್ಯವಾದಷ್ಟು ಇಡೀ ಕುಟುಂಬವನ್ನು ಒಟ್ಟಿಗೆ ಸಾಗಿಸುತ್ತಾರೆ.

ಇದರ ಹಿಂದಿನ ತತ್ವವನ್ನು ಮನೆಯಲ್ಲೇ ನೋಡಬಹುದು. ಒಂದು ಚಮಚ ಗ್ಲಿಸರಿನ್‌ಗೆ ಎರಡು ತೊಟ್ಟು, ಒಂದು ಚಮಚ ವ್ಯಾಸಲಿನ್‌ಗೆ ಎರಡು ತೊಟ್ಟು ನೀಲಗಿರಿ ಎಣ್ಣೆ ಬೆರೆಸಿ. ಎರಡನ್ನೂ ಬೇರೆಬೇರೆ ಹೆಂಚಿನ ಚೂರಿಗೆ ಸವರಿ, ಒಂದು ಗಂಟೆ ಮಳೆಯಲ್ಲಿಡಿ. ಆಮೇಲೆ ಮೂಸಿ ನೋಡಿ. ಯಾವ ಚೂರಿನಲ್ಲಿ ವಾಸನೆ ಉಳಿದಿದೆ, ಏಕೆ ಉಳಿದಿದೆ ಎಂಬುದನ್ನು ತಂದೆ ತಾಯಿಗೆ ನೀವೇ ವಿವರಿಸಿ.