ರುಚಿಯಾಗಿತ್ತು ಅನ್ನೋ ಸಾಲು

ಬಾಲ್ಯದ ನೆನಪು ಬರೆದು ತಂದುಕೊಡುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಸಂತೋಷ. ಕೇರಿಯ ಹುಡುಗನೇ ಮಾತಾಡೋ ಹಾಗೆ ಬರೀತಾರೆ, ಅದೂ ಒಳ್ಳೆಯದೇ. ಆದರೆ ಎರಡನೇ ಪುಟಕ್ಕೇ ಆ ಏಳು ವರ್ಷದ ಹುಡುಗ ‘ಶೋಷಣೆ’, ‘ವ್ಯವಸ್ಥೆ’ ಅನ್ನತೊಡಗುತ್ತಾನೆ. ಅದು ಅವನ ಮಾತಲ್ಲ, ನಮ್ಮ ಭಾಷಣದ ಮಾತು. ಇನ್ನು ಕೆಲವರದು ಇದರ ಉಲ್ಟಾ. ಹುಡುಗನಿಗೆ ಏನೂ ತಿಳಿಯದು, ಪಾಪ, ದೇವರಂಥ ಮಗು! ನಮಗೆ ಹೆಚ್ಚು ಸಿಟ್ಟು ಬರೋದು ಇದರ ಮೇಲೆ. ಏನೂ ತಿಳಿಯದ ಬಾಲ್ಯ ಕೇರಿಯಲ್ಲಿ ಯಾರಿಗೆ ಸಿಕ್ಕಿತ್ತು? ಯಾರ ಜಗಲಿಯಿಂದ ಎಷ್ಟು ದೂರ ನಿಲ್ಲಬೇಕು ಅನ್ನೋದನ್ನು ನಾವು ಅಕ್ಷರಕ್ಕಿಂತ ಮೊದಲೇ ಕಲಿತವರು. ಯಾಕೆ ಅನ್ನೋದೊಂದೇ ಗೊತ್ತಿರಲಿಲ್ಲ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ನೋಡಿ. ಪುಸ್ತಕವಾಗಿ ಬಂದದ್ದು 1990ರಲ್ಲಿ. 1901ರಲ್ಲಿ ಒಂಬತ್ತು ವರ್ಷದ ಹುಡುಗ ಮನೆಯ ಬೇರೆ ಹುಡುಗರ ಜೊತೆ ಸಾತಾರದಿಂದ ಕೋರೆಗಾಂವಿಗೆ, ಅಪ್ಪನನ್ನು ನೋಡಲು ಹೊರಡುತ್ತಾನೆ. ಹೊಸ ಅಂಗಿ, ಮಿಂಚುವ ಟೋಪಿ, ಹೊಸ ಜೋಡು, ರೇಷ್ಮೆ ಅಂಚಿನ ಪಂಚೆ. ಮಸೂರ್ ಸ್ಟೇಷನ್ನಿನಲ್ಲಿ ಮಾಸ್ತರರು ಯಾರು ನೀವು ಅಂದರೆ, ಯೋಚನೆಯಿಲ್ಲದೆ ಮಹಾರರು ಅಂದುಬಿಡುತ್ತಾನೆ. ಮಾಸ್ತರರ ಮುಖವೇ ಬದಲಾಯಿತು. ಆಮೇಲೆ ದುಪ್ಪಟ್ಟು ಬಾಡಿಗೆ ಕೊಟ್ಟು, ಬಂಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿಯಿತ್ತು, ಕುಡಿಯಲು ನೀರಿಲ್ಲ, ಉಪವಾಸ ಮಲಗಿದರು. ಇದನ್ನು ಬರೆಯುವಾಗ ಬಾಬಾಸಾಹೇಬರಿಗೆ ನಲವತ್ತು ದಾಟಿತ್ತು. ಹುಡುಗನ ವೇಷ ಹಾಕಲಿಲ್ಲ ಅವರು. ಶಾಲೆಯಲ್ಲಿ ಬೇರೆ ಗೋಣಿತಾಟು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ, ಇದೆಲ್ಲ ಮೊದಲೇ ಗೊತ್ತಿತ್ತು ಅಂತಲೇ ಹೇಳುತ್ತಾರೆ. ಆದರೂ ಹೊಸ ಬಟ್ಟೆಯ ಆ ಖುಷಿಯನ್ನು ಬಿಟ್ಟುಕೊಡಲಿಲ್ಲ. ಅದನ್ನು ತೆಗೆದುಬಿಟ್ಟರೆ ಸ್ಟೇಷನ್ನಿನ ಪೆಟ್ಟು ಅರ್ಧವೂ ತಾಕದು.

ನಮ್ಮ ಸಿದ್ಧಲಿಂಗಯ್ಯನವರ ‘ಊರುಕೇರಿ’ (1996) ಕೂಡ ಹಾಗೇ. ಇಬ್ಬರು ಮನುಷ್ಯರು ಎತ್ತಿನ ಹಾಗೆ ನೊಗ ಹೊತ್ತು ಹೊಲ ಉಳುತ್ತಿರುವುದು ಹುಡುಗನಿಗೆ ಮೊದಲು ತಮಾಷೆ. ಅವರಲ್ಲೊಬ್ಬರು ಅಪ್ಪ ಅಂತ ತಿಳಿದಾಗ ಸಂಕಟ. ಅಪ್ಪ ಅಂತ ಮೊದಲೇ ಹೇಳಿದ್ದರೆ ನಾವು ಅಯ್ಯೋ ಅಂದು ಪುಟ ತಿರುವುತ್ತಿದ್ದೆವು. ಈಗ ಹುಡುಗನ ಜೊತೆ ನಕ್ಕ ನಮ್ಮ ಬಾಯೂ ಕಟ್ಟಿತು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ, ನಮ್ಮಲ್ಲೊಬ್ಬರು ತಮ್ಮ ಅವ್ವನ ಬಗ್ಗೆ ಬರೆದು ತಂದಿದ್ದರು. ಗೌಡರ ಮನೆ ಮದುವೆಯಲ್ಲಿ ಮಿಕ್ಕ ಬೂಂದಿಯನ್ನು ಅವ್ವ ಸೆರಗಿನಲ್ಲಿ ಕಟ್ಟಿ, ರಾತ್ರಿ ಮಗನನ್ನು ಎಬ್ಬಿಸಿ ತಿನ್ನಿಸಿದಳು. ‘ಬೋ ರುಚಿಯಾಗಿತ್ತು’ ಅಂತ ಒಂದು ಸಾಲಿತ್ತು. ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ‘ನನ್ನ ಸ್ವಾಭಿಮಾನ ಕೆರಳಿತು’ ಅಂತ ಬರೆದಿದ್ದರು. ಆರು ವರ್ಷಕ್ಕೆ, ನಿದ್ದೆಗಣ್ಣಲ್ಲಿ! ಹಳೇ ಸಾಲೇ ಇರಲಿ ಸಾರ್ ಅಂದೆವು. ‘ಮೇಲಿನವರು ಓದಿ ನಗ್ತಾರೆ, ಎಂಜಲನ್ನು ಚಪ್ಪರಿಸಿ ತಿಂದವರು ಅಂತಾರೆ’ ಅಂದರು. ಅವರ ಮಾತನ್ನು ತಳ್ಳಿಹಾಕೋದು ಸುಲಭವಲ್ಲ. ಹಾಗೆ ನಗುವವರು ಇದ್ದೇ ಇದ್ದಾರೆ. ಆದರೆ ಅವ್ವ ಅಷ್ಟು ದೂರ ಕತ್ತಲಲ್ಲಿ ನಡೆದು ತಂದದ್ದು ಮಗನಿಗೆ ರುಚಿಸಲಿ ಅಂತ ತಾನೇ? ಗೀಟು ಬಿದ್ದದ್ದು ಗೌಡನ ಮೇಲಲ್ಲ, ಆಕೆಯ ಮೇಲೆ.

ಹಾಳೆಯನ್ನು ವಾಪಸ್ಸು ಕೊಟ್ಟಿದ್ದೇವೆ. ಇನ್ನೂ ತಂದಿಲ್ಲ. ತಂದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವರದೇ.