ಉತ್ತರ ಗ್ರೂಪಿಗೆ ಬಂತು, ಲೆಕ್ಕ ತಲೆಗೆ ಹೋಯ್ತಾ?

ಮೈಸೂರು: ಸಂಜೆ ಏಳು ಗಂಟೆ ಆಯಿತೆಂದರೆ ಒಂಟಿಕೊಪ್ಪಲಿನಿಂದ ಹಿಡಿದು ಕೆಸರೆವರೆಗೆ ಎಷ್ಟೋ ಅಂಗಡಿಗಳಲ್ಲಿ ಒಂದೇ ನೋಟ. ಗಲ್ಲಾದ ಹಿಂದೆ ಅಪ್ಪ, ಪಕ್ಕದ ಸ್ಟೂಲಿನ ಮೇಲೆ ಹತ್ತನೇ ಕ್ಲಾಸಿನ ಮಗಳು, ಇಬ್ಬರಿಗೂ ಸೇರಿ ಒಂದೇ ಫೋನು. ಗಿರಾಕಿ ಸ್ಕ್ಯಾನ್ ಮಾಡಿ "ಹೋಯ್ತು ನೋಡಿ" ಅಂದಾಗ ಫೋನು ಅಪ್ಪನ ಕೈಗೆ. ದುಡ್ಡು ಬಂದದ್ದು ಖಾತ್ರಿಯಾದ ಮೇಲೆ ವಾಪಸ್ ಮಗಳ ಕೈಗೆ. ಅಷ್ಟರಲ್ಲಿ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಲವತ್ತು ಮೆಸೇಜು ಬಿದ್ದಿರುತ್ತವೆ. ಸಮಾಂತರ ಶ್ರೇಢಿ ಏಳನೇ ಲೆಕ್ಕ ಯಾರಾದ್ರೂ ಮಾಡಿದ್ರಾ, ಫೋಟೊ ಕಳ್ಸಿ ಪ್ಲೀಸ್. ಫೋಟೊ ಬರುತ್ತದೆ, ನೋಟ್‌ಬುಕ್ಕಿಗೆ ಇಳಿಯುತ್ತದೆ, ಹೋಮ್‌ವರ್ಕ್ ಮುಗಿಯುತ್ತದೆ.

ಇದನ್ನು ನೋಡಿದ ಹಿರಿಯರು "ಇದು ಓದಲ್ಲ, ಕಾಪಿ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅರ್ಧ ಸರಿ. ಆದರೆ ಟ್ಯೂಷನ್‌ಗೆ ಹೋಗದ ಮಗುವಿಗೆ ರಾತ್ರಿ ಎಂಟು ಗಂಟೆಯಲ್ಲಿ ಬಂದ ಡೌಟು ಕೇಳಲು ಬೇರೆ ಜಾಗ ಎಲ್ಲಿದೆ? ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ ಟ್ಯೂಷನ್ ಅಥವಾ ಕೋಚಿಂಗ್ ಪಡೆಯುತ್ತಿರುವ ವಿದ್ಯಾರ್ಥಿಗಳು ನಗರಗಳಲ್ಲಿ ಶೇ 30.7, ಹಳ್ಳಿಗಳಲ್ಲಿ ಶೇ 25.5. ಅಂದರೆ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಹೇಳಿಕೊಡುವವರು ಮನೆಯವರು, ಇಲ್ಲವೇ ಸ್ನೇಹಿತರು. ಅಪ್ಪ ಅಮ್ಮ ಹೈಸ್ಕೂಲು ಮೆಟ್ಟಿಲು ಹತ್ತದ ಮನೆಗಳಲ್ಲಿ ಸ್ನೇಹಿತರು ಮಾತ್ರ. ಹಿಂದೆ ಜಗಲಿ ಮೇಲೆ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಿದ್ದ ಕಂಬೈನ್ಡ್ ಸ್ಟಡಿ ಈಗ ಫೋನಿನೊಳಗೆ ಹೋಗಿದೆ, ಅಷ್ಟೇ.

ಅದು ಒಳಗೆ ಹೋದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಟಿವಿ ಪಾಠ ಹೇಳುತ್ತಿತ್ತು, ಆದರೆ ಟಿವಿಯನ್ನು ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಶಿಕ್ಷಕರೇ ಊರಿಗೆ ಬಂದು ಗುಡಿ ಜಗಲಿ, ಮರದ ನೆರಳಲ್ಲಿ ಪಾಠ ಮಾಡುವ 'ವಿದ್ಯಾಗಮ' ಶುರುವಾಯಿತು, ಅಕ್ಟೋಬರ್‌ನಲ್ಲಿ ನಿಂತಿತು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಅಂತ ಇಲಾಖೆ ಪಟ್ಟಿ ಮಾಡಿದ್ದೂ ಆಗಲೇ. ಕ್ಲಾಸಿಗೊಂದು ವಾಟ್ಸ್‌ಆ್ಯಪ್ ಗ್ರೂಪು ಆಗ ಹುಟ್ಟಿತು. ಶಾಲೆ ಬಾಗಿಲು ತೆರೆದ ಮೇಲೂ ಗ್ರೂಪು ಮುಚ್ಚಲಿಲ್ಲ. ಮೇಷ್ಟ್ರಿರುವ ಗ್ರೂಪು ಒಂದಾದರೆ, ಮೇಷ್ಟ್ರಿಲ್ಲದ ಇನ್ನೊಂದು ಗ್ರೂಪು ಪಕ್ಕದಲ್ಲೇ ಬೆಳೆಯಿತು. ಹೋಮ್‌ವರ್ಕಿನ ನಿಜವಾದ ವ್ಯವಹಾರ ನಡೆಯುವುದು ಈ ಎರಡನೆಯದರಲ್ಲಿ.

ಆ ವ್ಯವಹಾರದಲ್ಲಿ ಕೈ ಬದಲಾಗುವುದು ಏನು ಅನ್ನುವುದೇ ಪ್ರಶ್ನೆ. ಒಂದು ಉದಾಹರಣೆ: 2, 7, 12, 17 ಹೀಗೆ ಹೋಗುವ ಶ್ರೇಢಿಯ 20ನೇ ಪದ ಯಾವುದು? ಸಾಮಾನ್ಯ ವ್ಯತ್ಯಾಸ 5, ಉತ್ತರ 97. ಆದರೆ ಬಹಳ ಮಕ್ಕಳು 20ನ್ನು 5ರಿಂದ ಗುಣಿಸಿ, 2 ಕೂಡಿಸಿ, 102 ಅಂತ ಬರೆಯುತ್ತಾರೆ. ಗ್ರೂಪಿಗೆ 97 ಅಂತ ಫೋಟೊ ಬಂದರೆ 102 ಅಳಿಸಿ 97 ಬರೆದದ್ದಾಯಿತು, ತಪ್ಪು ಎಲ್ಲಾಯಿತು ಅನ್ನುವುದು ಹಾಗೇ ಉಳಿಯಿತು. ಅದರ ಬದಲು ಗೆಳತಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕುತ್ತಾಳೆ ಅಂತಿಟ್ಟುಕೊಳ್ಳಿ: "ಚಾಮುಂಡಿ ಬೆಟ್ಟದಲ್ಲಿ ಮೊದಲ್ನೇ ಮೆಟ್ಲ ಮೇಲೆ ಆಗ್ಲೇ ನಿಂತಿದ್ದೀಯ ಕಣೇ. ಇಪ್ಪತ್ತನೇ ಮೆಟ್ಲಿಗೆ ಹೋಗೋಕೆ ಎಷ್ಟ್ ಹತ್ತಬೇಕು? ಹತ್ತೊಂಬತ್ತೇ ತಾನೆ? ಹಂಗೇ ಐದನ್ನ ಹತ್ತೊಂಬತ್ತು ಸಲ ಸೇರ್ಸು." ಇನ್ನು ಆ ಮಗು ಜನ್ಮದಲ್ಲಿ 102 ಬರೆಯುವುದಿಲ್ಲ.

ಇಂಥ ಮಾತು ಗೆಳತಿಯ ಬಾಯಲ್ಲೇ ಚೆನ್ನಾಗಿ ಬರುವುದಕ್ಕೆ ಕಾರಣವಿದೆ. ಮೇಷ್ಟ್ರು ಈ ತಪ್ಪು ಮಾಡಿ ಮೂವತ್ತು ವರ್ಷವಾಗಿರುತ್ತದೆ. ಗೆಳತಿ ನಿನ್ನೆ ತಾನೆ ಮಾಡಿ, ಸ್ಕೂಲಲ್ಲಿ ಬೈಸಿಕೊಂಡು, ಇವತ್ತು ಸರಿ ಮಾಡಿಕೊಂಡಿದ್ದಾಳೆ. ಎಲ್ಲಿ ಕಾಲು ಜಾರುತ್ತದೆ ಅನ್ನುವುದು ಅವಳಿಗೆ ಬಿಸಿಬಿಸಿಯಾಗಿ ನೆನಪಿದೆ. ಜೊತೆಗೆ ಹೇಳಿಕೊಡುವವಳಿಗೂ ಲಾಭ. ಮೂರು ಜನಕ್ಕೆ ಬಿಡಿಸಿ ಹೇಳಿದ ಲೆಕ್ಕ ಪರೀಕ್ಷೆಯಲ್ಲಿ ಮರೆಯುವುದು ಕಷ್ಟ.

ವಿಜ್ಞಾನದಲ್ಲಿ ಫೋಟೊ ಕಾಪಿಯ ಬಣ್ಣ ಇನ್ನೂ ಬೇಗ ಬಯಲಾಗುತ್ತದೆ. 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಆರರಲ್ಲೊಂದು, ಮೂರರಲ್ಲೊಂದು ಕೂಡಿಸಿದರೆ ಎರಡರಲ್ಲೊಂದು. ಅದನ್ನು ತಿರುಗಿಸಿದರೆ ಉತ್ತರ 2 ಓಮ್. ಅವಸರದಲ್ಲಿ ತಿರುಗಿಸಲು ಮರೆತವನು ಅರ್ಧ ಓಮ್ ಅಂತ ಬರೆದು ಫೋಟೊ ಹಾಕುತ್ತಾನೆ. ಮರುದಿನ ನೋಡಿದರೆ ಕ್ಲಾಸಿನ ಅರ್ಧಕ್ಕರ್ಧ ನೋಟ್‌ಬುಕ್ಕಿನಲ್ಲಿ ಅದೇ ಅರ್ಧ ಓಮ್! ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧ ಇರುವುದರಲ್ಲೇ ಚಿಕ್ಕದಕ್ಕಿಂತಲೂ ಕಡಿಮೆ ಬರಬೇಕು ಅನ್ನುವುದು ಗೊತ್ತಿದ್ದವರೂ ಅರ್ಧ ಓಮ್ ನೋಡಿ ಕಡಿಮೆನೇ ಇದೆಯಲ್ಲ ಅಂತ ಸುಮ್ಮನಾಗಿರುತ್ತಾರೆ. ಇಂಥದ್ದು ಸಿಕ್ಕಾಗ ಮೇಷ್ಟ್ರು ಎಲ್ಲರಿಗೂ ಇಂಪೊಸಿಷನ್ ಕೊಡುವುದಕ್ಕಿಂತ, ಆ ಒಂದು ಫೋಟೊವನ್ನೇ ಬೋರ್ಡಿನ ಮೇಲೆ ಬರೆದು "ಎಲ್ಲಿ ತಪ್ಪಿದೆ ಹುಡುಕಿ" ಅಂದರೆ ಒಂದು ಪೀರಿಯಡ್ಡಿನ ಪಾಠ ಆಗುತ್ತದೆ.

ಮಾರ್ಚ್‌ನಲ್ಲಿ ಏನಾಗುತ್ತದೆ?

ಹೋಮ್‌ವರ್ಕಿನಲ್ಲಿ ನಡೆದದ್ದು ಪರೀಕ್ಷೆಯಲ್ಲಿ ನಡೆಯುವುದಿಲ್ಲ, ಈಗಂತೂ ಇಲ್ಲವೇ ಇಲ್ಲ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವೂ ಹೋಯಿತು. ಮೊದಲ ಪರೀಕ್ಷೆಯಲ್ಲಿ ಶಾಲೆಯಿಂದ ಹೊಸದಾಗಿ ಬರೆದವರ ಪೈಕಿ ಪಾಸಾದವರು ಶೇ 66.14. ಈ ಇಳಿತಕ್ಕೆಲ್ಲ ವಾಟ್ಸ್‌ಆ್ಯಪ್ ಕಾರಣ ಅನ್ನುವುದು ಅನ್ಯಾಯ. ಅಕ್ಕಪಕ್ಕ ನೋಡಿ ಬರೆಯುವ ದಾರಿ ಮುಚ್ಚಿದರೆ ಕೊನೆಗೆ ಉಳಿಯುವುದು ತಲೆಯಲ್ಲಿ ಇರುವುದಷ್ಟೇ ಅನ್ನುವುದು ಮಾತ್ರ ಈ ಅಂಕಿಗಳಲ್ಲಿ ಕಾಣುತ್ತದೆ. ಗಣಿತ, ವಿಜ್ಞಾನ ಎರಡಕ್ಕೂ 80 ಅಂಕದ ಬರವಣಿಗೆ ಪರೀಕ್ಷೆ, 20 ಆಂತರಿಕ. ಬರವಣಿಗೆಯಲ್ಲಿ ಹಂತ ಹಂತಕ್ಕೆ ಅಂಕ. ಕೊನೆಯ ಉತ್ತರ ತಪ್ಪಾದರೂ ಸೂತ್ರ ಸರಿ, ಬೆಲೆ ಹಾಕಿದ್ದು ಸರಿ ಇದ್ದರೆ ಒಂದೊಂದು ಅಂಕ ಸಿಗುತ್ತದೆ. ಫೋಟೊದಲ್ಲಿ ಬಂದ ಉತ್ತರವನ್ನಷ್ಟೇ ನೋಡಿಕೊಂಡ ಮಗುವಿಗೆ ಆ ಹಂತಗಳೇ ಇರುವುದಿಲ್ಲ.

ಈಚೆಗೆ ಇದಕ್ಕೆ ಇನ್ನೊಂದು ತಿರುವು ಸಿಕ್ಕಿದೆ. ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಉತ್ತರ ಕೊಡುವ 'ಬ್ರೈನ್ಲಿ' 2009ರಲ್ಲಿ ಪೋಲೆಂಡಿನಲ್ಲಿ ಶುರುವಾದದ್ದು. ಲೆಕ್ಕದ ಫೋಟೊ ತೆಗೆದರೆ ಬಿಡಿಸಿ ತೋರಿಸುವ 'ಫೋಟೊಮ್ಯಾತ್' 2014ರಲ್ಲಿ ಬಂತು, ಈಗ ಅದು ಗೂಗಲ್‌ನದು. ನಮ್ಮ ದೇಶದ 'ಡೌಟ್‌ನಟ್' ಕೂಡ ಫೋಟೊ ಮೇಲೆಯೇ ಬೆಳೆದದ್ದು, 2023ರ ಕೊನೆಗೆ ಕೋಟಾದ ಅಲೆನ್ ಕೋಚಿಂಗ್ ಸಂಸ್ಥೆ ಅದನ್ನು ಕೊಂಡಿತು. ದೊಡ್ಡ ದುಡ್ಡಿನ ಕೋರ್ಸು ಮಾರುತ್ತಿದ್ದ ಬೆಂಗಳೂರಿನ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇವೆಲ್ಲದರ ಮಧ್ಯೆ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗ್ರೂಪಿನ ಸ್ವಭಾವವೇ ಬದಲಾಗುತ್ತಿದೆ. ಮೊದಲು ಯಾರೋ ಒಬ್ಬ ಹುಡುಗ ನಿಜವಾಗಿ ಲೆಕ್ಕ ಮಾಡಿ ಫೋಟೊ ಹಾಕುತ್ತಿದ್ದ. ಈಗ ಅವನೂ ಎಐಗೆ ಕೇಳಿ, ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಇಡೀ ಕ್ಲಾಸಿನಲ್ಲಿ ಆ ಲೆಕ್ಕ ಮಾಡಿದವರು ಒಬ್ಬರೂ ಇಲ್ಲ ಅಂತಾಗುತ್ತದೆ. ಕಾಪಿ ಹೊಡೆಯುವುದಕ್ಕೂ ಹಿಂದೆ ಒಬ್ಬ ಜಾಣ ಬೇಕಿತ್ತು. ಈಗ ಅದೂ ಬೇಡ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕು. ಪುಸ್ತಕದಲ್ಲಿ 'ಸಮಾಂತರ ಶ್ರೇಢಿ' ಅಂತಿದ್ದರೆ ಯಂತ್ರದ ಅನುವಾದದಲ್ಲಿ 'ಅಂಕಗಣಿತದ ಪ್ರಗತಿ' ಅಂತ ಬರುವುದುಂಟು. ಪುಸ್ತಕದ 'ರೋಧ' ಅಲ್ಲಿ 'ಪ್ರತಿರೋಧ' ಆಗಿರುತ್ತದೆ. ದೊಡ್ಡವರಿಗೆ ಇದು ಸಣ್ಣ ವಿಷಯ, ಹದಿನೈದು ವರ್ಷದ ಮಗುವಿಗೆ ಇದು ಬೇರೆಯೇ ಪಾಠದಂತೆ ಕಾಣುತ್ತದೆ. ಕ್ಲಾಸಿನ ಗೆಳೆಯ ಮಾತ್ರ ಅದೇ ಪುಸ್ತಕ, ಅದೇ ಪುಟ, ಅದೇ ಮೇಷ್ಟ್ರ ಪದ ಬಳಸಿ ಹೇಳುತ್ತಾನೆ. ಹತ್ತನೇ ತರಗತಿಯ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದ ಮೇಲೆ ಇಂಗ್ಲಿಷ್, ಹಿಂದಿಯಲ್ಲಿ ವಿಡಿಯೊಗಳಿಗೆ ಬರವಿಲ್ಲ. ನಂಜನಗೂಡಿನ ಹಳ್ಳಿ ಹುಡುಗನಿಗೆ ಅದರಿಂದ ಎಷ್ಟು ದಕ್ಕುತ್ತದೆ ಅನ್ನುವುದು ಬೇರೆ ಮಾತು.

ಫೋನು ಯಾರ ಕೈಯಲ್ಲಿ?

ಗ್ರೂಪಿಗೆ ಎಲ್ಲರೂ ಸಮನಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಗ್ರಾಮೀಣ ಭಾರತದ ಬಗ್ಗೆ 2024ರ ಅಸರ್ ವರದಿ ಹೇಳುವಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಹಾಗೆ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇರುವುದು ಶೇ 36.2 ಹುಡುಗರಿಗೆ, ಶೇ 26.9 ಹುಡುಗಿಯರಿಗೆ. ಹಿಂದಿನ ವಾರದಲ್ಲಿ ಫೋನನ್ನು ಓದಿಗೆ ಬಳಸಿದ್ದೆವು ಅಂದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಎರಡೂ ನಡೆಯುವುದು ಅದೇ ಪರದೆಯ ಮೇಲೆ, ಹೆಚ್ಚುಕಮ್ಮಿ ಅದೇ ಅರ್ಧ ಗಂಟೆಯಲ್ಲಿ.

ಹುಡುಗಿಯರ ಮನೆಗಳಲ್ಲಿ ಇನ್ನೂ ಒಂದು ಭಯ. ಗ್ರೂಪಿಗೆ ಸೇರಿಸಿದರೆ ಅಪ್ಪನದೋ ಅಮ್ಮನದೋ ನಂಬರು ಎಲ್ಲ ಹುಡುಗರ ಫೋನಿಗೂ ಹೋಗುತ್ತದೆ. ಆ ಭಯ ಸುಳ್ಳಲ್ಲ. ಆದರೆ "ಬೇಡ ಬಿಡು" ಅಂದಾಗ ಮಗಳು ಕಳೆದುಕೊಳ್ಳುವುದು ಹರಟೆಯನ್ನಷ್ಟೇ ಅಲ್ಲ, 19 ಸಲವೋ 20 ಸಲವೋ ಅಂತ ಕೇಳುವ ಅವಕಾಶವನ್ನೂ. ಐದಾರು ಹುಡುಗಿಯರೇ, ತಾಯಂದಿರ ಫೋನುಗಳಲ್ಲಿ, ಒಂದು ಸಣ್ಣ ಗ್ರೂಪು ಮಾಡಿಕೊಂಡರೆ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ನಿಜ ಹೇಳಬೇಕೆಂದರೆ ಅರವತ್ತು ಜನರ ಗ್ರೂಪಿಗಿಂತ ಆರು ಜನರ ಗ್ರೂಪಿನಲ್ಲೇ ಓದು ಹೆಚ್ಚು. ಅರವತ್ತು ಜನರ ಮುಂದೆ "ನಂಗೆ ಗೊತ್ತಾಗ್ಲಿಲ್ಲ" ಅನ್ನಲು ಯಾರಿಗೂ ಧೈರ್ಯ ಬರಲ್ಲ.

ಅಂಗಡಿ ಮನೆಗಳದ್ದು ಬೇರೆ ಕಥೆ. ಇಲ್ಲಿ ಫೋನಿನ ಸಮಯ ಮತ್ತು ವ್ಯಾಪಾರದ ಸಮಯ ಒಂದೇ, ಸಂಜೆ ಆರೂವರೆಯಿಂದ ಒಂಬತ್ತು. ದುಡ್ಡು ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಇಟ್ಟುಕೊಂಡವರಿಗೆ ಗೊತ್ತು, ಅದಕ್ಕೆ ತನ್ನದೇ ಸಿಮ್ ಇರುತ್ತದೆ, ಫೋನು ಗಲ್ಲಾದ ಮೇಲೇ ಇರಬೇಕೆಂದಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇಟ್ಟುಕೊಂಡ ಆ ಡಬ್ಬಿ ಒಂದು ಗಂಟೆ ಫೋನನ್ನು ಮಗುವಿಗೆ ಬಿಟ್ಟುಕೊಡುತ್ತದೆ ಅಂತ ಲೆಕ್ಕ ಹಾಕಿದರೆ ಅಷ್ಟೇನೂ ದುಬಾರಿ ಅನ್ನಿಸದು.

ಮಕ್ಕಳಿಗಿಂತ ಮೊದಲು ಈ ಕೆಲಸ ಮಾಡಿದವರು ಮೇಷ್ಟ್ರುಗಳೇ. 2011ರಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಶಿಕ್ಷಕರು 'ವಿಷಯ ಶಿಕ್ಷಕರ ವೇದಿಕೆ' ಹೆಸರಲ್ಲಿ ಇಮೇಲ್ ಗುಂಪು ಕಟ್ಟಿಕೊಂಡರು. ಶಿಕ್ಷಣ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗಿದ್ದವು. ಒಂದು ಜಿಲ್ಲೆಯ ಮೇಷ್ಟ್ರು ಕೇಳಿದ ಪ್ರಶ್ನೆಗೆ ಇನ್ನೊಂದು ಜಿಲ್ಲೆಯವರು ಜಿಯೋಜೀಬ್ರಾದಲ್ಲಿ ಚಿತ್ರ ಮಾಡಿ ಕಳಿಸುತ್ತಿದ್ದರು. ದೊಡ್ಡವರು ಒಬ್ಬರನ್ನೊಬ್ಬರು ಕೇಳಿ ಕಲಿತದ್ದನ್ನು ಯಾರೂ ಕಾಪಿ ಅನ್ನಲಿಲ್ಲ.

ಮೈಸೂರಿಗೆ ಇದರಲ್ಲಿ ಬೇರೆ ಊರುಗಳಿಗಿಲ್ಲದ ಅನುಕೂಲವೂ ಇದೆ. 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಾನಸಗಂಗೋತ್ರಿ ಪಕ್ಕದಲ್ಲೇ ಇದೆ. ಗಣಿತ, ವಿಜ್ಞಾನದ ಶಿಕ್ಷಕರಾಗಲು ಅಲ್ಲಿ ಬಿಎಸ್ಸಿ ಎಜುಕೇಷನ್ ಓದುವವರಿದ್ದಾರೆ. ನಗರದ ಬಿ.ಇಡಿ ಕಾಲೇಜುಗಳಲ್ಲೂ ಇಂಥ ವಿದ್ಯಾರ್ಥಿಗಳಿದ್ದಾರೆ. ಅಭ್ಯಾಸ ಬೋಧನೆಗೆ ಶಾಲೆಗಳಿಗೆ ಹೋಗುವಾಗ ಅವರು ಒಂದೊಂದು ಗ್ರೂಪಿನಲ್ಲಿ ವಾರಕ್ಕೆರಡು ಸಂಜೆ ಇದ್ದರೆ ಸಾಕು, ಉತ್ತರ ಕೊಡುವುದಕ್ಕಲ್ಲ, ತಪ್ಪು ಫೋಟೊ ಓಡಾಡುತ್ತಿದ್ದರೆ ತಡೆದು "ಒಂದು ಸಲ ತಿರುಗ್ಸಿ ನೋಡಿ" ಅನ್ನುವುದಕ್ಕೆ. ಇಲಾಖೆ ಆದೇಶಕ್ಕೆ ಕಾಯದೆ ಒಂದು ಶಾಲೆಯ ಹೆಡ್‌ಮಾಸ್ಟರು, ಒಂದು ಕಾಲೇಜಿನ ಪ್ರಿನ್ಸಿಪಾಲರು ಮಾತಾಡಿಕೊಂಡರೆ ಆಗುವ ಕೆಲಸ ಇದು.

ಅಲ್ಲಿಯವರೆಗೆ, ಲೆಕ್ಕ ಬಾರದ ಅಪ್ಪ ಅಮ್ಮನೂ ಮಗು ಕಲಿತಿದೆಯೋ ಇಲ್ಲವೋ ಅಂತ ನೋಡಬಹುದು. ನೋಟ್‌ಬುಕ್ ಮುಚ್ಚಿಸಿ, ಅದೇ ಲೆಕ್ಕವನ್ನು ಅಂಗಡಿ ಭಾಷೆಯಲ್ಲಿ ಕೇಳಿ: ಒಂದು ಚೀಟಿಗೆ ಮೊದಲ ತಿಂಗಳು 500 ರೂಪಾಯಿ, ಆಮೇಲೆ ತಿಂಗಳಿಗೆ 50 ರೂಪಾಯಿ ಹೆಚ್ಚು ಕಟ್ಟಬೇಕು, ಇಪ್ಪತ್ತನೇ ತಿಂಗಳು ಎಷ್ಟು ಕಟ್ಟಬೇಕು? 1,500 ಅಂದರೆ ಗ್ರೂಪಿನ ಫೋಟೊ ನೋಡಿ ಬರೆದದ್ದು ಅಂತ ತಿಳಿಯಿರಿ. ಸ್ವಲ್ಪ ಯೋಚಿಸಿ 1,450 ಅಂದರೆ, ಇನ್ನರ್ಧ ಗಂಟೆ ಫೋನು ಅವಳ ಹತ್ತಿರವೇ ಇರಲಿ.