ಆಕರಕೋಶ ದಾನ: ಹೆಸರು ಬರೆಸಿದ ಮೇಲಿನ ಹೊಣೆ

ರಕ್ತದಾನ, ನೇತ್ರದಾನಗಳ ಮಾತು ನಮ್ಮ ಭಕ್ತರಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಮತ್ತೊಂದು ಕೋರಿಕೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ: ರಕ್ತದ ಕ್ಯಾನ್ಸರ್ ಅಥವಾ ಥಲಸ್ಸೇಮಿಯಾದಿಂದ ಬಳಲುವ ಮಗುವಿಗೆ ಆಕರಕೋಶ, ಅಂದರೆ ಸ್ಟೆಮ್ ಸೆಲ್, ಕೊಡುವವರು ಬೇಕಾಗಿದ್ದಾರೆ ಎಂಬುದು. ಓದಿದವರು ಮೊದಲು ಕೇಳುವುದು ಮಗುವಿನ ರಕ್ತದ ಗುಂಪನ್ನು. ಇಲ್ಲಿ ಅದು ಹೊಂದಲೇಬೇಕೆಂದಿಲ್ಲ. ಕಸಿ ಫಲಿಸಿದ ಬಳಿಕ ರೋಗಿಯ ಗುಂಪೇ ಕ್ರಮೇಣ ದಾನಿಯ ಗುಂಪಾಗಿ ಬದಲಾಗುತ್ತದೆ.

ಹೊಂದಬೇಕಾದುದು ಜೀವಕೋಶಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತುಗಳು. ತನ್ನದಾವುದು, ಅನ್ಯವಾವುದು ಎಂಬುದನ್ನು ದೇಹವು ಅರಿಯುವುದು ಇವುಗಳಿಂದಲೇ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಐದು ಜೀನುಗಳನ್ನು ನೋಡುತ್ತಾರೆ; ತಂದೆಯಿಂದ ಬಂದುದೊಂದು, ತಾಯಿಯಿಂದ ಬಂದುದೊಂದು, ಒಟ್ಟು ಹತ್ತು. ಒಡಹುಟ್ಟಿದವರೊಬ್ಬರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಹೆತ್ತವರು ಸಾಮಾನ್ಯವಾಗಿ ಅರ್ಧ ಹೊಂದುತ್ತಾರೆ. ಅಂಥ ಕಸಿಯೂ ಈಗ ನಡೆಯುತ್ತಿದೆ. ಉಳಿದವರಿಗೆ ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್‌ನಂತಹ ನೋಂದಣಿ ಸಂಸ್ಥೆಗಳೇ ಆಸರೆ.

ಈ ಗುರುತುಗಳು ವಂಶಪಾರಂಪರ್ಯವಾದುದರಿಂದ, ತಮ್ಮೊಳಗೇ ಕೊಟ್ಟು ತರುವ ಸಮುದಾಯಗಳಲ್ಲಿ ಹೊಂದುವ ದಾನಿ ದೊರೆಯುವ ಸಾಧ್ಯತೆ ಹೆಚ್ಚು. ಒಳಪಂಗಡದ ಗೆರೆ ದಾಟದೆ ಸಂಬಂಧ ಬೆಳೆಸುತ್ತ ಬಂದ ನಾವು ಜಾತಿಯಿಲ್ಲವೆಂದು ವೇದಿಕೆಯಲ್ಲಿ ಎಷ್ಟೇ ನುಡಿದರೂ, ಆ ರೂಢಿಯ ಜಾಡು ರಕ್ತದಲ್ಲಿ ಉಳಿದಿರುತ್ತದೆ. ಅದಿರಲಿ.

ನಮ್ಮನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಮಾದರಿ ಕೊಡುವುದು ಒಂದೆರಡು ನಿಮಿಷದ ಕೆಲಸ. ವರ್ಷಗಳ ತರುವಾಯ ಹೊಂದಾಣಿಕೆ ಕಂಡುಬಂದು ಕರೆ ಬಂದಾಗ ಮತ್ತೆ ರಕ್ತ ಪಡೆದು ಗುರುತುಗಳನ್ನು ದೃಢಪಡಿಸಿಕೊಳ್ಳಬೇಕು. ಎಚ್‌ಐವಿ, ಹೆಪಟೈಟಿಸ್ ಮೊದಲಾದ ಪರೀಕ್ಷೆಗಳಾಗಬೇಕು. ಹಲವರು ಹಿಂದೆ ಸರಿಯುವುದು ಇಲ್ಲಿಯೇ. ಬೆನ್ನುಮೂಳೆಗೆ ಚುಚ್ಚುತ್ತಾರೆಂಬ ಅಂಜಿಕೆ, ಮದುವೆಯಾಗಬೇಕಾದ ಮಗಳೆಂಬ ಹಿರಿಯರ ತಕರಾರು. ವಾಸ್ತವದಲ್ಲಿ ಬಹುತೇಕ ದಾನಿಗಳಿಗೆ ಕೆಲವು ದಿನ ಚುಚ್ಚುಮದ್ದು ಕೊಟ್ಟು, ತೋಳಿನ ರಕ್ತನಾಳದಿಂದ ಯಂತ್ರದ ಮೂಲಕ ಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ಮರಳಿಸುತ್ತಾರೆ. ಮೈಕೈ ನೋವು ಕೆಲದಿನ ಇರುವುದು ನಿಜ.

ಒಲ್ಲೆನೆನ್ನುವ ಹಕ್ಕು ದಾನಿಗೆ ಕೊನೆಯವರೆಗೂ ಇದೆ. ಆದರೆ ಕಸಿಗೆ ಮುಂಚಿನ ದಿನಗಳಲ್ಲಿ ರೋಗಿಯ ಅಸ್ಥಿಮಜ್ಜೆಯನ್ನು ತೀವ್ರ ಔಷಧಿಯಿಂದ ನಾಶಪಡಿಸಿರುತ್ತಾರೆ. ಆಗ ದಾನಿ ಹಿಂದೆಗೆದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಜಾತ್ರೆಯ ನೂಕುನುಗ್ಗಲಿನಲ್ಲಿ ನೂರು ಹೆಸರು ಬರೆಸುವುದಕ್ಕಿಂತ, ಮನೆಯವರೊಡನೆ ಮಾತನಾಡಿ ಬಂದವರ ಹತ್ತು ಹೆಸರು ಮೇಲೆಂಬುದು ನಮ್ಮ ಖಚಿತ ಅಭಿಪ್ರಾಯ. ಈಗಾಗಲೇ ಹೆಸರು ಕೊಟ್ಟವರು ದೂರವಾಣಿ ಸಂಖ್ಯೆ, ವಿಳಾಸ ಬದಲಾಗಿದ್ದರೆ ಆಯಾ ಸಂಸ್ಥೆಗೆ ಇಂದೇ ತಿಳಿಸಬೇಕೆಂದು ಕೋರುತ್ತೇವೆ.